ಎರಡನೆಯ ಗೋಲಿ

ಗೋಲಿ ಆಡೋಕೆ ಅಷ್ಟು ದೂರ ಹೋಗ್ಬೇಕಾ?
ಮೀನು ಮಾರ್ಕೆಟ್ಟಿನ ಜುಬೇದಾ ಚಿಕ್ಕಮ್ಮ ಕೇಳುತ್ತಾಳೆ,
ಬಂಗುಡೆಯ ಮೇಲೆ ನಮ್ಮ ಐಸು ಚೆಲ್ಲುತ್ತ.
ಆಡುವ ಗೋಲಿಯಲ್ಲ, ಗೋಲು ಕಾಯುವವಳು, ಎನ್ನುತ್ತೇನೆ.
ಕಾಯೋಕೂ ಸಂಬಳವಾ?
ಹೌದು. ಎರಡನೆಯವಳಿಗೆ ಸ್ವಲ್ಪ ಕಡಿಮೆ.

ಗೋಪಾಳದ ಸಿಮೆಂಟಿನ ಮೇಲೆ
ಗಾಲಿ ಕಟ್ಟಿಕೊಂಡು ಕಲಿತವಳು ತಂಗಿ ನಾಜ್ನೀನ್.
ಮೊಣಕಾಲಿಗೆ ಗೋಣಿಚೀಲ,
ಚೆಂಡಿನ ಬದಲು ಟೇಪು ಸುತ್ತಿದ ಡಬ್ಬಿಮುಚ್ಚಳ.
ಈಗ ಅಲ್ಮಾಟಿಯ ತಂಡದ ಬೆಂಚು.
ಎರಡು ಸೀಸನ್ನಿಗೆ ಆಡಿದ್ದು ಹನ್ನೊಂದು ನಿಮಿಷ;
ಬಿಟ್ಟದ್ದು ಎರಡು, ತಡೆದದ್ದು ಒಂಬತ್ತು,
ಅದರಲ್ಲೊಂದು ಗಂಟಲಿನಿಂದ.
ಲೆಕ್ಕ ನನ್ನ ಫ್ಯಾಕ್ಟರಿ ಡೈರಿಯಲ್ಲಿದೆ,
ಡೀಸೆಲ್ ಖರ್ಚಿನ ಪಕ್ಕ.

ರಜೆಗೆ ಬಂದವಳು ನಡುರಾತ್ರಿ ಕೆಳಗಿಳಿದು
ಡಬ್ಬದಿಂದ ಆಗಷ್ಟೇ ಜಾರಿದ ದಿಮ್ಮಿಯ ಮುಂದೆ
ಕುಕ್ಕರಗಾಲಲ್ಲಿ ಕೂತು, ಬೆರಳಗಂಟಿನಿಂದ ತಟ್ಟಿದಳು.
ನಡುವೆ ಬೆಳ್ಳಗಿದೆ ಅಣ್ಣ, ಗಾಳಿ ಉಳಿದಿದೆ.
ಹತ್ತು ವರ್ಷದವಳಿದ್ದಾಗ ನಾನೇ ಹೇಳಿಕೊಟ್ಟ ಮಾತು.
ನೆನಪಿಸಲಿಲ್ಲ.

ಅಲ್ಲಿ ದಿನವಿಡೀ ಏನು ಮಾಡ್ತೀಯೇ ಎಂದೆ.
ಬೆಂಚಿನ ಗೇಟು ತೆಗೀತೀನಿ,
ಒಳಗೆ ಬರೋರಿಗೆ, ಹೊರಗೆ ಹೋಗೋರಿಗೆ.
ಯಾರ ಬ್ಲೇಡು ಯಾವ ಕಡೆ ಸವೆದಿದೆ ಅಂತ
ಈಗ ಕಣ್ಮುಚ್ಚಿ ಹೇಳ್ತೀನಿ, ಬರೀ ಸದ್ದಿನಲ್ಲಿ.
ನಕ್ಕಳು. ನನಗೆ ನಗು ಬರಲಿಲ್ಲ.
ಕಂಪ್ರೆಸರ್ ಒಮ್ಮೆ ಕೆಮ್ಮಿ ಮತ್ತೆ ಹಿಡಿಯಿತು;
ಬೆಲ್ಟು ಸಡಿಲ, ಎಂದಳು, ತಿರುಗಿಯೂ ನೋಡದೆ.

ಐದಕ್ಕೆ ಹೊನ್ನಾವರದ ಲಾರಿ ಹಾರ್ನು ಹೊಡೆಯಿತು.
ದಿಮ್ಮಿಗೆ ಕೊಕ್ಕೆ ಹಾಕಿ ಎಳೆದುಕೊಂಡು ಹೊರಟೆ,
ಬಾಗಿಲು ಒದೆಯಲು ಕಾಲೆತ್ತಿದೆ.
ಅವಳಾಗಲೇ
ತೆರೆದು ಹಿಡಿದಿದ್ದಳು.