ಗಡಿಯಾಚೆಯವರಿಗೆ, ತೆಪ್ಪ ಒಂದಕ್ಕೆ

ಏಪ್ರಿಲ್ ಒಂದರಿಂದ ಹೊಸ ದರ.
ಹಳೇ ಪಟ್ಟಿಯ ಮೇಲೇ ಅಂಟಿಸಿದ್ದೇನೆ, ಮೈದಾ ಅಂಟು ಇನ್ನೂ ಹಸಿ.
ಸ್ಥಳೀಯರಿಗೆ ಐನೂರು.
ಗಡಿಯಾಚೆಯವರಿಗೆ, ತೆಪ್ಪ ಒಂದಕ್ಕೆ, ಮೂರು ಸಾವಿರದ ಇನ್ನೂರು.
ಒಂದು ಇರುವೆ ಕೊನೇ ಸೊನ್ನೆಗೆ ಅಂಟಿಕೊಂಡು ಕಾಲು ಆಡಿಸುತ್ತಿದೆ.

ಪೈಡಮ್ಮ ಓದಿದ್ದು ಐದನೇ ಕ್ಲಾಸು, ಅದೂ ತೆಲುಗು.
ಆದರೂ ಬೆರಳಿಟ್ಟು ಕೂಡಿಸಿ ಕೂಡಿಸಿ ಓದುತ್ತಾಳೆ;
ಅವರ ಅಕ್ಷರಕ್ಕೂ ನಮ್ಮದಕ್ಕೂ
ತಲೆಕಟ್ಟು ಕೊಂಚ ಬೇರೆ, ಹೊಟ್ಟೆ ಒಂದೇ.
"ಹೋದ ಸಲ ಸಾವಿರದ ಎಂಟುನೂರಿತ್ತಲ್ಲಮ್ಮ?"
ಇತ್ತು.
ಮೇಲಿನವರು ಮಾಡಿದ್ದು, ಎನ್ನುತ್ತೇನೆ. ಮೇಲೆ ಅಂದಾಗ ಯಾಕೋ
ಇಬ್ಬರೂ ಫ್ಯಾನು ನೋಡುತ್ತೇವೆ.

ಜಗಲಿಯಲ್ಲಿ ಕೂತ ಸಂಘದ ಹೂವಪ್ಪ
ಬೀಡಿ ಬಾಯಲ್ಲಿಟ್ಟೇ ಕೂಗುತ್ತಾನೆ:
"ಇನ್ನೂ ಹಾಕಬೇಕಿತ್ತು ಮೇಡಂ. ಸೊಳ್ಳೆಪರದೆಯಂಥ ಬಲೆ ಅವರದು,
ಮರಿಮೀನೂ ಬಿಡೂದಿಲ್ಲ. ನಮಗೆ ಉಳಿಯೂದು ಎಂತ? ನೀರು."
ಸುಳ್ಳಲ್ಲ. ಅಂಥ ಬಲೆಯೊಂದನ್ನು ಕಳೆದ ವರ್ಷ ನಾನೇ ಸುಡಿಸಿದ್ದೇನೆ,
ಹೊಗೆಗೆ ಎರಡು ದಿನ ಕೆಮ್ಮಿದ್ದೇನೆ.
ಅವಳದಲ್ಲ ಅದು; ಅವಳ ಮೈದುನನದು.
ಹೂವಪ್ಪನ ತೆಪ್ಪ ಹೆಣೆದುಕೊಟ್ಟದ್ದೂ ಅವಳ ಗಂಡನೇ,
ಬಿದಿರು ಸೀಳಿ, ತಳಕ್ಕೆ ಟಾರು ಬಳಿದು.
ಅದಕ್ಕೆ ಪಟ್ಟಿಯಲ್ಲಿ ಸಾಲಿಲ್ಲ.

ನಮೂನೆ ತುಂಬುತ್ತೇನೆ. ಬಲೆ ಎಷ್ಟು?
"ವಲ ನಾಲ್ಕು."
ಗಡಿ ಇಲ್ಲೇ ಎಲ್ಲೋ ಇರಬೇಕು,
ಬ ಅನ್ನಲು ಮುಚ್ಚಿದ ತುಟಿ
ವ ಅನ್ನುವಾಗ ಮುಚ್ಚದೆ ಉಳಿಯುವ ಕಡೆ.
ಖಾಯಂ ವಿಳಾಸ? ಅನಕಾಪಲ್ಲಿ ಹತ್ತಿರ ಯಾವುದೋ ಪಾಲೆಂ.
ಅಲ್ಲಿಗೆ ಹೋಗುವುದು ಯಾವಾಗ?
"ಓಟಿಗೆ. ಮತ್ತೆ ಯಾರಾದರೂ ಸತ್ತರೆ."

ಆಮೇಲೆ ಸೆರಗಿನ ಗಂಟಿನಿಂದ ಒಂದು ಕಾಗದ ಬಂತು.
ಜನನ ಪತ್ರ, ಸಾಗರದ ಸರ್ಕಾರಿ ಆಸ್ಪತ್ರೆ:
ನೂಕರಾಜು, ಗಂಡು. ಹದಿನೆಂಟು ತುಂಬಿ ಹನ್ನೊಂದು ದಿನ.
ಬಾಗಿಲಲ್ಲಿ ನಿಂತಿದ್ದಾನೆ, ಒದ್ದೆ ಚಡ್ಡಿ,
ತುಮರಿ ಶಾಲೆಯಲ್ಲಿ ನಾಲ್ಕರವರೆಗೆ, ಮಾತೆಲ್ಲ ನಮ್ಮದೇ, ಹೌದನಾ, ಎಂತದಾ.
"ತೆಪ್ಪ ಇವನ ಹೆಸರಿಗೆ ಬರೀರಿ. ಇವನಿಗೆ ಐನೂರಾ?"

ನಿಯಮದ ಪುಸ್ತಕ ತಿರುವಿದೆ. ಹುಟ್ಟಿದವರು ಎಂದಿಲ್ಲ, ವಾಸಿಗಳು ಎಂದಿದೆ.
ವಾಸಕ್ಕೆ ಪಡಿತರ ಚೀಟಿ, ಚೀಟಿಗೆ ಮನೆ ನಂಬರು.
ಅವರ ಮನೆ ನಡುಗಡ್ಡೆಯ ಮೇಲಿನ ನೀಲಿ ತಾಡಪಾಲು;
ಹಿನ್ನೀರು ಏರಿದ ಹಾಗೆ ಮೇಲಕ್ಕೆ ಸರಿಯುತ್ತದೆ.
ಸಾಹೇಬರಿಗೆ ಫೋನು ಮಾಡಿದೆ. ಶಿವಮೊಗ್ಗದಲ್ಲಿ ಮೀಟಿಂಗು.
ಗೋಡೆಯ ಮೇಲಿನ ಮೀನಿನ ಪಟ ನೋಡುತ್ತ ಕೂತೆ:
ಕಾಟ್ಲಾ, ರೋಹು, ಮೃಗಾಲ್, ಗಂಗೆಯ ಕಡೆಯವು,
ತಿಲಾಪಿಯಾ ಸಮುದ್ರದಾಚೆಯದು.
ಹೋದ ವರ್ಷ ನಾನೇ ಲೆಕ್ಕ ಬರೆದು ಬಿಡಿಸಿದ್ದೆ, ಎರಡು ಲಕ್ಷ ಮರಿ.
ಚೀಲ ಬಿಚ್ಚಿದ್ದೇ ತಡ, ಒಂದೂ ಹಿಂದೆ ನೋಡಲಿಲ್ಲ.

ನಾಳೆ ಹೇಳ್ತಾರಂತೆ, ಎಂದೆ.
ನಾಳೆ ಅಂದರೆ ಒಂದು ರಾತ್ರಿಯ ಮೀನು.
ಪೈಡಮ್ಮ ಲೆಕ್ಕ ಹಾಕಿದಳು, ನನಗಿಂತ ಬೇಗ.
ಎಣಿಸಿ ಇಟ್ಟಳು ಮೂರು ಸಾವಿರದ ಇನ್ನೂರು, ತನ್ನ ಹೆಸರಿಗೇ.
ಐವತ್ತರ ನೋಟೊಂದಕ್ಕೆ ಮೀನಿನ ಹುರುಪೆ ಅಂಟಿತ್ತು;
ಬಿಡಿಸಿ ವಾಪಸು ಕೊಡಬೇಕೋ ಏನೋ ತಿಳಿಯಲಿಲ್ಲ.
ರಸೀದಿ ಮಡಚಿ ಮಾತ್ರೆ ಡಬ್ಬಿಗೆ ತುರುಕಿ
ಮುಚ್ಚಳ ತಿರುಪಿ ಕೊರಳಿಗೆ ಕಟ್ಟಿಕೊಂಡಳು.
ಜನನ ಪತ್ರ ಮಾತ್ರ ಮೇಜಿನ ಮೇಲೇ.
"ಇರಲಿ. ನಾಳೆ ಕೇಳ್ತೀರಲ್ಲ."

ಐದೂವರೆಗೆ ಗಾಳಿ ಎದ್ದಿತ್ತು.
ಅದು ಹಾರದ ಹಾಗೆ ಸೀಲಿನ ಡಬ್ಬಿ ಇಟ್ಟು ಬೀಗ ಹಾಕಿದೆ.
ಹುಡುಗ ಆಗಲೇ ನೀರಲ್ಲಿ. ಹುಟ್ಟು ಅವನ ಕೈಯಲ್ಲಿ,
ಹುಟ್ಟಿದ ಕಾಗದ ನನ್ನ ಬೀಗದೊಳಗೆ.
ದಡದಿಂದ ಹೂವಪ್ಪ ಕೂಗುತ್ತಿದ್ದ, ಬಯ್ಗುಳವಲ್ಲ:
ಮುಳುಗಿದ ಕೊರಡು ಇದೆ ಕಣೋ ಅಲ್ಲಿ,
ಎಡಕ್ಕೆ ತಗೊ, ಎಡಕ್ಕೆ.