ನುಂಗಿದ ಸಕಾರ

ವಾಲ್ಪರೈಸೊ ಬಂದರಿನ ಮೀನುಕಟ್ಟೆಯಲ್ಲಿ
ಹನ್ನೊಂದು ವರ್ಷ ಕೂಗಿ ಕೂಗಿ ಪಳಗಿದ ಗಂಟಲು
ನೆಲಿಡಾ ಒಯಾರ್ಸುನ್‌ಳದು.
ಹರಾಜಿನ ಗದ್ದಲದ ಮೇಲೆ,
ಕಟ್ಟೆಯ ಕೆಳಗೆ ಬಾಯ್ತೆರೆದ ಕಡಲಸಿಂಹಗಳ ಅರಚಾಟದ ಮೇಲೆ,
ಐಸು ಪುಡಿಮಾಡುವ ಯಂತ್ರದ ಮೇಲೂ
ಹತ್ತಿ ನಿಲ್ಲುತ್ತಿತ್ತು ದನಿ, ಏಣಿಯಿಲ್ಲದೆ.

'ಈ ದನಿಗೆ ಕಾಸು ಹುಟ್ಟುತ್ತದೆ' ಅಂದವನು ಮುದುಕ ಎವಾರಿಸ್ತೊ,
ಒಂದು ಕಾಲದ ರೇಡಿಯೊ ನಾಟಕಗಳಲ್ಲಿ
ಚಿಪ್ಪು ಕುಟ್ಟಿ ಕುದುರೆ ಓಡಿಸಿದವ,
ತಗಡು ಅಲುಗಿಸಿ ಗುಡುಗಿದವ.
ಅರ್ಧ ಕಿಲೊ ಮೀನು ಕೊಂಡು, ಚಿಲ್ಲರೆ ಎಣಿಸುತ್ತ
ಹಾಗೇ ಅಂದುಬಿಟ್ಟ.
ಚಿಲ್ಲರೆಗೆ ಬದಲು ಅವಳು ಮಾತನ್ನು ಹಿಡಿದುಕೊಂಡಳು.

ಸ್ಟುಡಿಯೊ ಅಂದರೆ ಮರದ ಬೀರು.
ಎರಡು ಕಂಬಳಿ, ಮಡಿಸಿಟ್ಟ ಹಳೇ ಹಾಸಿಗೆ,
ಕಂತಿನ ಮೇಲೆ ತಂದ ಮೈಕು, ಅದರ ಮೂತಿಗೆ
ಬಳೆಗೆ ಬಿಗಿದ ಕಾಲುಚೀಲ.
ಹಗಲೆಲ್ಲ ಗುಡ್ಡದ ತುಂಬ ನಾಯಿಗಳು,
ಸಿಲಿಂಡರು ಬಡಿಯುತ್ತ ಏರಿಬರುವ ಗ್ಯಾಸಿನ ಲಾರಿ.
ರಾತ್ರಿ ಎರಡರಿಂದ ನಾಲ್ಕು ಮಾತ್ರ ಅವಳದು.
ಕೋಟುಗಳ ಖಾಲಿ ತೋಳುಗಳ ನಡುವೆ ಕೂತು
ಶಾಂಪೂ ಹೊಗಳಿದಳು, ವಿಮೆ ಹೊಗಳಿದಳು,
ಎಂದೂ ಹತ್ತದ ಕಾರಿನ ಮೈಲೇಜು ಹೊಗಳಿದಳು.

ಬಾಯಲ್ಲಿ ಎಂಜಲು ಸದ್ದು ಮಾಡಿದರೆ ಹಸಿರು ಸೇಬು ಕಚ್ಚು, ಅಂದ ಮುದುಕ.
ಎದುರಿಗೆ ಮೇಣದಬತ್ತಿ ಹಚ್ಚಿಡು,
ಪಕಾರ ಹೇಳು, ಆರಬಾರದು.
ಆರಿತು. ಹಚ್ಚಿದಳು. ಆರಿತು.
ಬೀರುವಿನೊಳಗೆ ಬೆಂಕಿಯೇನೇ! ತಾಯಿ ಎದ್ದು ಬಂದು
ಬತ್ತಿಯನ್ನೂ ಮಗಳನ್ನೂ ಹೊರಗೆಳೆದಳು.
ಆಮೇಲೆ ಅಂಗೈಯನ್ನೇ ಬತ್ತಿ ಮಾಡಿಕೊಂಡಳು.

ಅರವತ್ತೆರಡು ಕಡೆ ಕಳಿಸಿದಳು ದನಿಯ ಮಾದರಿ.
ಅರವತ್ತೊಂದು ಮೌನ.
ಸ್ಯಾಂಟಿಯಾಗೊದಿಂದ ಒಬ್ಬಳು ಮಾತ್ರ ಬರೆದಳು:
'ದನಿ ಚಿನ್ನ. ನಿನ್ನ ಸಕಾರ ಎಲ್ಲಿ?'

ಎಲ್ಲಿ ಅಂದರೆ,
ಆ ದೇಶದ ನಾಲಗೆ ಪದದ ಕೊನೆಯ ಸಕಾರವನ್ನು
ಉಸಿರಲ್ಲೇ ಕರಗಿಸಿಬಿಡುತ್ತದೆ,
ನಮ್ಮಲ್ಲಿ ಹಲವರ ಬಾಯಲ್ಲಿ ಹಾಲು ಆಲಾಗಿ
ಹೂವು ಊವಾಗಿ ಅರಳುವ ಹಾಗೆ.
ಅದರಿಂದ ಹಾಲು ಒಡೆದಿಲ್ಲ, ಹೂವು ಬಾಡಿಲ್ಲ.
ಕೆಲಸಕ್ಕೆ ಬೇಕಾದದ್ದು ಬೇರೆ:
ಬೆವರದ, ಮೀನು ನಾರದ ಸ್ಪ್ಯಾನಿಷ್,
ಮೆಕ್ಸಿಕೊದಲ್ಲೂ ಲೀಮಾದಲ್ಲೂ ನಾಣ್ಯದಂತೆ ನಡೆದು
ಯಾರ ಅಡುಗೆಮನೆಯಲ್ಲೂ ಇಲ್ಲದ ಸ್ಪ್ಯಾನಿಷ್.

ಹೆಕ್ಕಿದಳು. ಅಜ್ಜಿ ನುಂಗಿದ್ದು, ಅಪ್ಪ ನುಂಗಿದ್ದು,
ತಾನು ಎದೆಹಾಲಿನ ಜತೆ ನುಂಗಿದ್ದು,
ಒಂದೊಂದನ್ನೂ ಮೀನಿನ ಮುಳ್ಳಿನಂತೆ ಗಂಟಲಿಂದ ಕಿತ್ತು
ಹಲ್ಲಿನ ಹಿಂದೆ ಸಾಲಾಗಿ ನಿಲ್ಲಿಸಿದಳು.
ಮೂರು ತಿಂಗಳು ಹಿಡಿಯಿತು.

ಮೊದಲ ಕೆಲಸ, ಆಸ್ಪತ್ರೆಯ ಫೋನು.
'ನಿಮ್ಮ ಕರೆ ನಮಗೆ ಮುಖ್ಯ. ದಯವಿಟ್ಟು ಕಾಯಿರಿ.
ಮೂತ್ರಪಿಂಡಕ್ಕೆ ನಾಲ್ಕನ್ನು ಒತ್ತಿರಿ.'
ಬಂದ ದುಡ್ಡು ಮೈಕಿನ ಒಂದೂವರೆ ಕಂತಿಗೆ ಸರಿಹೋಯಿತು.

ಭಾನುವಾರ ಊಟಕ್ಕೆ ಬಂದ ಅಣ್ಣ ರಾಮಿರೊ
ಕೂರುವ ಮೊದಲೇ ಸಿಡುಕಿದ:
'ನಲವತ್ತು ನಿಮಿಷ ಕಾಯಿಸಿದಳು ಕಣೇ, ಆ ಪೆರುವಿನ ಹೆಂಗಸು!
ಏನು ನಯ, ಏನು ಸಕ್ಕರೆ!
ಒಂದು ದಿನವಾದರೂ ಎಲ್ಲಿಯಾದರೂ ಕಾದಿದ್ದಾಳೇನು ಅವಳು?'
ಅವನ ಪಾದ ಊದಿ ಚಪ್ಪಲಿಯ ಪಟ್ಟಿ ಒಳಗೆ ಹೂತಿತ್ತು.
ತಾಯಿ ಸಾರಿನ ಸೌಟು ಹಿಡಿದು ಮಗಳತ್ತ ನೋಡಿದಳು;
ಬೀರುವಿನ ಗೋಡೆಯಾಚೆ ಮಲಗುವವಳು ಅವಳೇ ತಾನೆ.
ಬಡಿಸಿದಳು. ಏನೂ ಅನ್ನಲಿಲ್ಲ.

'ಅವಳಿಗೇನು ಗೊತ್ತು ಬಿಡು' ಅಂದಳು ನೆಲಿಡಾ,
ಸಕಾರಗಳನ್ನೆಲ್ಲ ನುಂಗಿ.

ಸೋಮವಾರ ಕಟ್ಟೆಯಲ್ಲಿ ಬೆಲೆ ಕೂಗುವಾಗ
ಒಂದು ತಪ್ಪಿಸಿಕೊಂಡು ಹೊರಬಿತ್ತು, ಸ್ಪಷ್ಟವಾಗಿ, ಸಿಳ್ಳೆಯಂತೆ.
ಹತ್ತು ವರ್ಷದ ಗಿರಾಕಿ ತಲೆಯೆತ್ತಿದ:
'ಯಾವೂರಮ್ಮ ನಿಂದು?'
ಮೀನಿನ ತಲೆ ತೆಗೆದಳು, ತೂಗಿದಳು,
ತೂಕದ ಮೇಲೊಂದು ಪುಟ್ಟ ಮೀನು ಎಸೆದು
ಕಾಗದದಲ್ಲಿ ಕಟ್ಟಿಕೊಟ್ಟಳು.
ಬಾಯಿ ಬಿಡಲಿಲ್ಲ.