ನಾಡಿಗೂ ಮೊದಲು

ಮೊದಲ ಪ್ರಶ್ನೆ ನೋವಿನದ್ದಲ್ಲ.
"ಈಗ ಎಲ್ಲಿದ್ದೀರಿ?" ಎಂದೇ ಕೇಳಬೇಕು.
ನಾಡಿಗೂ ಮೊದಲು ನಾಡು ಯಾವುದೆಂದು ತಿಳಿಯಬೇಕು;
ನನ್ನ ಲೈಸೆನ್ಸು ಸಸ್ಕ್ಯಾಚೆವಾನಿನದ್ದು.
ಅದರಾಚೆ ನಾನು,
ರಿಜೈನಾದ ಮೂರನೇ ಮಹಡಿಯಲ್ಲಿ ಹೆಡ್‌ಫೋನ್ ತೊಟ್ಟ
ಬರೀ ಮರ್ಲಾ ವೊಲಾನ್ಸ್ಕಿ,
ಸ್ವಲ್ಪ ಓದಿಕೊಂಡ ನೆರೆಮನೆಯವಳು.

ಆ ರಾತ್ರಿ ಮೈನಸ್ ಮೂವತ್ತೊಂದು.
ಲೂಸಿಯನ್ ಬ್ಯೂಡ್ರಿ, ಅರವತ್ತೆರಡು,
ಲಾಯ್ಡ್‌ಮಿನ್‌ಸ್ಟರ್‌ನಿಂದ.
ಆ ಊರನ್ನು ನೀವು ನೋಡಿರಲಿಕ್ಕಿಲ್ಲ:
ಎರಡು ಪ್ರಾಂತಗಳ ಗಡಿ ಪೇಟೆಯ ನಡುವೆಯೇ ಹಾಯುತ್ತದೆ,
ಬೈತಲೆ ತೆಗೆದ ಹಾಗೆ.
"ಪಿಕಪ್‌ನಲ್ಲಿದ್ದೇನೆ. ಪೂರ್ವದ ಬದಿ."
ಹುಟ್ಟಿದ ದಿನ? ಈ ಕರೆ ದಾಖಲಾಗುತ್ತಿದೆ, ಒಪ್ಪಿಗೆಯೇ?
"ಒಪ್ಪಿಗೆ, ಒಪ್ಪಿಗೆ. ಬೇಗ ಮುಗಿಸು ತಾಯಿ."

ಅವನ ಮಣಿಕಟ್ಟು ಐನೂರು ಕಿಲೋಮೀಟರ್ ದೂರ.
ಬೆರಳಿನ ಬಣ್ಣ ಅವನೇ ನೋಡಿ ಹೇಳಬೇಕು,
ಡ್ಯಾಶ್‌ಬೋರ್ಡಿನ ಬೆಳಕಿನಲ್ಲಿ.
"ನೀಲಿಯೇ?"
"ಬೆಳಕೇ ನೀಲಿ."
ಬರೆದುಕೊಂಡೆ: ರೋಗಿಯ ಮಾತಿನಂತೆ.
ಆ ಎರಡು ಪದ ನಮ್ಮ ಚಳಿಗಾಲದ ಕೋಟು,
ಹಾಕದೆ ಯಾರೂ ಹೊರಗೆ ಕಾಲಿಡುವುದಿಲ್ಲ.

ಒಂದು ವಾಕ್ಯಕ್ಕೆ ಅವನಿಗೆ ಮೂರು ಉಸಿರು ಬೇಕಾದವು.
ಅದನ್ನು ಎಣಿಸಿದ್ದು ಮಾತ್ರ ನಾನು.
"ಆಂಬುಲೆನ್ಸ್ ಹೊರಟಿದೆ, ಅಲ್ಲೇ ಇರಿ."
ಇರಲಿಲ್ಲ.
ಇಂಡಿಕೇಟರಿನ ಟಿಕ್‌ಟಿಕ್.
"ಮಗಳ ಮನೆ... ಎದುರಿಗೇ... ದಾಟಿದರೆ..."
ದಾಟಿದ.
ಎರಡು ಹದಿನಾಲ್ಕಕ್ಕೆ ನನ್ನ ರೋಗಿ ಆಲ್ಬರ್ಟಾದವನಾದ.
ನಾಲ್ಕು ಲೇನ್ ಡಾಂಬರು, ಒಂದಿಷ್ಟು ಹಿಮ, ಅಷ್ಟೇ.

ಕೈಪಿಡಿಯಲ್ಲಿ ಇದಕ್ಕೊಂದು ಪುಟವಿದೆ:
ಕರೆಯನ್ನು ಆ ಕಡೆಗೆ ವರ್ಗಾಯಿಸಿ.
ಆ ಕಡೆ ಅಂದು ಹನ್ನೊಂದು ನಿಮಿಷ ಕಾಯುವ ಸಂಗೀತ.
ನಾನು ಫೋನ್ ಇಡಲಿಲ್ಲ.
ಗಾಡಿ ನಿಲ್ಲಿಸಿ, ಲೈಟು ಮಿಣುಕಿಸಿ,
ಮುಂದಕ್ಕೆ ಬಾಗಿ ಕೂತುಕೊಳ್ಳಿ. ಮಗಳ ಹೆಸರೇನು?
ಜೋಸೆಟ್.
ಇನ್ನೊಮ್ಮೆ ಹೇಳಿ.
ಯಾರದೋ ಬೂಟು ಹಿಮ ತುಳಿಯುವ ಸದ್ದಿನವರೆಗೂ
ಇನ್ನೊಮ್ಮೆ, ಇನ್ನೊಮ್ಮೆ.

ಈಗ ಮಾರ್ಚ್. ವಿಚಾರಣೆಯ ಕೋಣೆ.
ಸಭ್ಯರು. ಕಾಫಿ ಕೊಟ್ಟರು.
"ಎರಡು ಹದಿನಾಲ್ಕರಿಂದ ಇಪ್ಪತ್ತಾರರವರೆಗೆ
ಯಾವ ಅಧಿಕಾರದಿಂದ ಮಾತಾಡಿದಿರಿ?"
ಬೈತಲೆಯ ಯಾವ ಬದಿಗೆ ಯಾರ ಬಾಚಣಿಗೆ
ಎಂದು ನಗಬಹುದಿತ್ತು. ನಗಲಿಲ್ಲ.
ಕೇಳಬೇಕಾದ ಪ್ರಶ್ನೆಯೇ ಅದು.
ಅದನ್ನು ಯಾರೂ ಕೇಳದ ನಾಡಿನಲ್ಲಿ
ನಾನೇ ಕಾಯಿಲೆ ಬೀಳಲು ಹೆದರುತ್ತೇನೆ.

ಅವನು ಬದುಕಿದನೇ ಎಂದು ತಿಳಿಯುವ ಹಕ್ಕು ನನಗಿಲ್ಲ.
ಆ ಕಡತ ಗೆರೆಯ ಆಚೆ.
ಟೇಪು ಓಡುತ್ತಿದೆ. ಅವರು ನನ್ನ ಮಾತು ಗುರುತು ಹಾಕುತ್ತಾರೆ.
ನಾನು ಮೇಜಿನ ಕೆಳಗೆ ಬೆರಳು ಮಡಚುತ್ತೇನೆ:
ಜೋಸೆಟ್, ಒಂದೇ ಪದ,
ಎರಡು ಉಸಿರು.